ಮಂಗಳ ಕ್ರಾಸಿನಲ್ಲಿ ಇಳಿದವರು

ನಾನು ಕೊನೆಯ ಸಲ ನಿವೃತ್ತನಾದಾಗ ನನಗೆ ಮೂವತ್ತಮೂರು ವರ್ಷ. ನಗಬೇಡಿ. ಕಾಯಂ ಉಪನ್ಯಾಸಕರು ಜನ್ಮಕ್ಕೊಮ್ಮೆ ನಿವೃತ್ತರಾಗುತ್ತಾರೆ, ಶಾಲು ಹೊದೆಸಿಕೊಳ್ಳುತ್ತಾರೆ, ಭಾಷಣ ಕೇಳುತ್ತಾರೆ. ಅತಿಥಿ ಉಪನ್ಯಾಸಕ ಪ್ರತಿ ಮಾರ್ಚಿನಲ್ಲೂ ನಿವೃತ್ತನಾಗುತ್ತಾನೆ. ಶಾಲಿಲ್ಲ, ಭಾಷಣವಿಲ್ಲ, ಜವಾನ ಬಂದು ಸೀಮೆಸುಣ್ಣದ ಡಬ್ಬಿ ವಾಪಸು ಇಸಿದುಕೊಂಡು ಹೋಗುತ್ತಾನೆ, ಅಷ್ಟೇ. ಜೂನ್ ಬಂದರೆ ಮತ್ತೆ ವರನ ಹಾಗೆ ಕ್ರಾಪು ತೀಡಿಕೊಂಡು, ಸರ್ಟಿಫಿಕೇಟಿನ ಫೈಲು ಬಗಲಲ್ಲಿಟ್ಟುಕೊಂಡು ಯಾವುದಾದರೂ ಕಾಲೇಜಿನ ವರಾಂಡದಲ್ಲಿ ನಿಲ್ಲಬೇಕು. ರಾಯಚೂರು, ಮಾನ್ವಿ, ದೇವದುರ್ಗ ಈ ಮೂರು ಊರುಗಳಲ್ಲಿ ಹೀಗೆ ನಿವೃತ್ತನಾಗಿ ನಿವೃತ್ತನಾಗಿ ಅನುಭವ ಬಂದು, ಒಂದು ಜೂನಿನಲ್ಲಿ ನಾನೇ ಹೋಗಲಿಲ್ಲ. ಈಗ ಮದುವೆ, ನಾಮಕರಣ, ಶಾಲೆಯ ಗ್ಯಾದರಿಂಗುಗಳಲ್ಲಿ ಮಿಮಿಕ್ರಿ ಮಾಡಿಕೊಂಡು ಸುಖವಾಗಿದ್ದೇನೆ. ಮೊದಲು ಹುಡುಗರು ನಕ್ಕರೆ ಮೆಮೋ ಬರುತ್ತಿತ್ತು, ಈಗ ನಗದಿದ್ದರೆ ಊಟ ಬರುವುದಿಲ್ಲ.

ಈ ಜೂನಿನಲ್ಲಿ ಭೌತಶಾಸ್ತ್ರ ಕಲಿಸಲು ಹೊರಟಿರುವ ತಮ್ಮಂದಿರು, ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದೆಲ್ಲ ಒಂದು ಕಡೆ ಇಡಿ. ನಮ್ಮ ಕಡೆ ಭೌತಶಾಸ್ತ್ರದ ಮೇಷ್ಟ್ರ ಬಾಳು ಒಂದು ಲೆಕ್ಕದ ಮೇಲೆ ನಿಂತಿದೆ. ಆಕಾಶದಲ್ಲಿ ಎರಡು ಕಾಯಗಳು ಇವೆ, ಅವು ಒಂದನ್ನೊಂದು ಎಷ್ಟು ಬಲದಿಂದ ಎಳೆಯುತ್ತವೆ, ಕಂಡುಹಿಡಿಯಿರಿ. ಐದು ಅಂಕ. ಈ ಐದು ಅಂಕಕ್ಕೆ ಹೆದರಿ ಎಷ್ಟು ಹುಡುಗರು ಸೈನ್ಸ್ ಬಿಟ್ಟು ಆರ್ಟ್ಸಿಗೆ ಓಡಿದ್ದಾರೆಂಬುದನ್ನು ನಾನು ಬಲ್ಲೆ. ದೇವದುರ್ಗದಲ್ಲಿ ಒಂದು ವರ್ಷ ಹಾಗೆ ಓಡಲು ನಿಂತವರ ಜೊತೆ ಹುಲಿಗೆಮ್ಮ ಎಂಬ ಹುಡುಗಿಯ ಓದೂ ಹೋಗುವುದರಲ್ಲಿತ್ತು. ಆಕೆ ಲೆಕ್ಕ ಸರಿಯಾಗಿಯೇ ಮಾಡಿದ್ದಳು, ಅದೇ ತಮಾಷೆ. ಅಲ್ಲಿಗೆ ಬರುವ ಮೊದಲು ನನ್ನ ಕೈಯಲ್ಲಿದ್ದ ಹತಾರಗಳು ಎಲ್ಲಿಂದ ಬಂದವು ಎಂದು ಹೇಳಿಬಿಡುತ್ತೇನೆ.

ಮೊದಲ ಕೆಲಸ ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಮನೆಮಾತು ತೆಲುಗು. ಕನ್ನಡ ಮಾತನಾಡುವಾಗ ಪ್ರತಿ ವಾಕ್ಯದ ಬಾಲ ಬೆಕ್ಕಿನ ಬಾಲದ ಹಾಗೆ ಮೇಲೆ ನಿಲ್ಲುತ್ತಿತ್ತು. ಕೆಲಸಕ್ಕೆ ಸೇರಿದ ವಾರದೊಳಗೆ ನಾನು ಅವರ ದನಿಯನ್ನು ಹಿಡಿದುಬಿಟ್ಟಿದ್ದೆ. ಅವರ ಭೌತಶಾಸ್ತ್ರ ಹಿಡಿಯಲು ಮಾತ್ರ ಎರಡು ವರ್ಷ ಬೇಕಾಯಿತು.

ನನ್ನ ಮೊದಲ ತರಗತಿಯಲ್ಲಿ ಅವರೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಭೂಮಿ ಮತ್ತು ಚಂದ್ರರ ನಡುವಿನ ಬಲ ತೆಗೆಯಲು ಹೊರಟೆ. ಸೂತ್ರ ಸರಳ. ಎರಡರ ದ್ರವ್ಯರಾಶಿಗಳನ್ನು ಗುಣಿಸಿ, ಅದನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಬಂದದ್ದನ್ನು ಅವುಗಳ ನಡುವಿನ ಅಂತರದ ವರ್ಗದಿಂದ ಭಾಗಿಸಬೇಕು. ಅಂದರೆ ಅಂತರದಿಂದ ಒಂದು ಸಲ ಭಾಗಿಸಿದರೆ ಸಾಲದು, ಎರಡು ಸಲ ಭಾಗಿಸಬೇಕು. ನಾನು ಗತ್ತಿನಲ್ಲಿ ಬೋರ್ಡಿನ ತುಂಬ ಬರೆದೆ, ಲಾಗ್ ಟೇಬಲನ್ನು ಪಂಚಾಂಗದ ಹಾಗೆ ತಿರುವಿದೆ, ಉತ್ತರದ ಕೆಳಗೆ ಎರಡು ಗೆರೆ ಎಳೆದೆ, ಹೀರೋನ ಹಾಗೆ ತಿರುಗಿ ನಿಂತೆ. ಅಂತರದಿಂದ ಒಂದೇ ಸಲ ಭಾಗಿಸಿದ್ದೆ.

ದೊಡ್ಡ ಸರ್ ಎದ್ದು ನಿಂತರು. “ಏಮಪ್ಪಾ, ಚಂದ್ರನ್ನ ಮೂವತ್ತೆಂಟು ಕೋಟಿ ಪಟ್ಟು ಜೋರಾಗಿ ಜಗ್ಗಿದ್ಯಲ್ಲ. ಹೊರಗ ಹೋಗಿ ನೋಡಿ ಬಾ, ರಾಯಚೂರು ಅದನೋ, ಚಂದ್ರ ಮ್ಯಾಲ ಬಿದ್ದು ಹೋಗ್ಯದನೋ.”

ಹುಡುಗರು ಬೆಂಚು ಬಡಿದು ನಕ್ಕರು. ನಾನು ನಿಜವಾಗಿಯೂ ಬಾಗಿಲ ತನಕ ಹೋಗಿ, ಮೇಲೆ ನೋಡಿ, ಅವರದೇ ದನಿಯಲ್ಲಿ “ಇನ್ನೂ ಬಿದ್ದಿಲ್ಲಪ್ಪಾ, ಟೈಮ್ ಅದ” ಎಂದೆ. ಬಾಯಿಂದ ಜಾರಿಹೋಯಿತು. ದೊಡ್ಡ ಸರ್ ಕನ್ನಡಕ ತೆಗೆದು ಒರೆಸಿಕೊಂಡು, “ನನ್ನ ಹಂಗ ಮಾತಾಡೂದು ಬಂತು, ಲೆಕ್ಕ ಮಾಡೂದು ಯಾವಾಗ ಬರ್ತದ?” ಎಂದು ಕೇಳಿ ಹೊರಟುಹೋದರು.

ಮರುದಿನ ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟರು. ಬೋರ್ಡನ್ನು ಎರಡು ಮನೆ ಮಾಡು. ಎಡಗಡೆಯ ಮನೆಯಲ್ಲಿ ಅಂಕಿಗಳು, ಬಲಗಡೆಯ ಮನೆಯಲ್ಲಿ ಹತ್ತರ ಘಾತಗಳು. ಒಬ್ಬರ ಮನೆಗೆ ಇನ್ನೊಬ್ಬರು ಊಟಕ್ಕೂ ಹೋಗಬಾರದು. ಎಲ್ಲಕ್ಕಿಂತ ಮೊದಲು ಅಂತರದ ವರ್ಗ ಮಾಡಿ ಮೇಲೆ ಬರೆದಿಟ್ಟುಕೊ, ಆಮೇಲೆ ಉಳಿದ ಸಂಸಾರ. ಉತ್ತರ ಬಂದ ಮೇಲೆ, “ಇದು ಆಗುವಂಥದ್ದೇನಾ?” ಎಂದು ನಿನ್ನನ್ನೇ ಕೇಳಿಕೊ. ಇಷ್ಟು ದೊಡ್ಡ ಸರ್ ಪಾಠ. ಈಗ ಲಾಗ್ ಟೇಬಲ್ ಹುಡುಕುವವರು ಕಡಿಮೆ, ಮನೆಯಲ್ಲಿ ಎಲ್ಲರೂ ಫೋನಿನಲ್ಲಿ ಒತ್ತುತ್ತಾರೆ. ಫೋನು ವರ್ಗ ಮರೆಯುವುದಿಲ್ಲ ನಿಜ, ಆದರೆ ನೀವು ಮರೆತು ಒತ್ತಿದರೆ ಅದು ಮರ್ಯಾದಸ್ಥರ ಹಾಗೆ ಸುಮ್ಮನೆ ಮರೆತ ಉತ್ತರವನ್ನೇ ಕೊಡುತ್ತದೆ. ಹೊರಗೆ ಹೋಗಿ ಚಂದ್ರ ಬಿದ್ದಿದೆಯೋ ಇಲ್ಲವೋ ನೋಡಿ ಬಾ ಎನ್ನುವುದಿಲ್ಲ. ಆ ಕೆಲಸಕ್ಕೇ ನಮ್ಮನ್ನು ಇಟ್ಟುಕೊಂಡಿರುವುದು.

ಮುಂದೆ ಮಾನ್ವಿ. ಅಲ್ಲಿನ ಹುಡುಗರು ವರ್ಗ ಮರೆಯುತ್ತಿರಲಿಲ್ಲ, ಬೇರೆ ಕಡೆ ಎಡವುತ್ತಿದ್ದರು. ಸೂತ್ರದಲ್ಲಿ ಬರುವ ಅಂತರ ಒಂದು ಕಾಯದ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ. ಇವರು ಒಂದರ ಮೈಯಿಂದ ಇನ್ನೊಂದರ ಮೈಗೆ ಅಳೆಯುತ್ತಿದ್ದರು. ಕೇಂದ್ರ, ಕೇಂದ್ರ ಎಂದು ಗಂಟಲು ಹರಿದುಕೊಂಡೆ. “ಕೇಂದ್ರ ಅಂದ್ರ ದಿಲ್ಲಿ ಏನ್ರಿ ಸರ?” ಎಂದು ಒಬ್ಬ ಕೇಳಿದ. ಅವನು ಈಗ ನನ್ನ ಜೊತೆ ಮಿಮಿಕ್ರಿಗೆ ಬರುತ್ತಾನೆ, ಆಗಲೇ ಲಕ್ಷಣ ಇತ್ತು.

ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ. ರಾಯಚೂರಿನಿಂದ ಮಾನ್ವಿಗೆ ಹೋಗುವಾಗ ಊರು ದಾಟಿದ ಮೇಲೆ ಕೈ ಮಾಡಿ ಹತ್ತಿದ ಮುದುಕನೊಬ್ಬ ಕಂಡಕ್ಟರನ ಜೊತೆ ಜಗಳಕ್ಕೆ ನಿಂತ.

“ನಾ ಊರ ಹೊರಗ ಹತ್ತೀನೋ ತಮ್ಮಾ, ಅಷ್ಟು ಕಡಿಮಿ ಮಾಡು.”

“ಯಜ್ಜಾ, ನೀ ಬಸ್ಸಿನ ಮ್ಯಾಲ ಹತ್ತು, ಕೆಳಗ ಹತ್ತು. ಟಿಕೇಟು ಬಸ್ ಸ್ಟ್ಯಾಂಡಿಂದ ಬಸ್ ಸ್ಟ್ಯಾಂಡಿಗಿ. ತಗೀ ರೊಕ್ಕ.”

ನಾನು ಸೀಟಿನಲ್ಲೇ ಕುಣಿದೆ. ಅಂದು ತರಗತಿಗೆ ಹೋಗಿ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಬಾಯಲ್ಲೇ ಸೀಟಿ ಊದಿ, ಅದೇ ಕಂಡಕ್ಟರನಾಗಿ ಇಡೀ ಸೌರವ್ಯೂಹ ತಿರುಗಿಸಿದೆ. ಭೂಮಿಯ ಬಸ್ ಸ್ಟ್ಯಾಂಡು ಭೂಮಿಯ ನಟ್ಟನಡುವೆ, ಚಂದ್ರನ ಬಸ್ ಸ್ಟ್ಯಾಂಡು ಚಂದ್ರನ ನಟ್ಟನಡುವೆ. ಅಂತರ ಯಾವುದು? “ಬಸ್ ಸ್ಟ್ಯಾಂಡಿಂದ ಬಸ್ ಸ್ಟ್ಯಾಂಡಿಗಿ!” ಎಂದು ಹುಡುಗರು ಕೂಗಿದರು. ಆ ವರ್ಷ ಮಾನ್ವಿಯಲ್ಲಿ ಆ ಲೆಕ್ಕ ತಪ್ಪಿದವರಿಲ್ಲ. ಪ್ರಾಂಶುಪಾಲೆ ಮೇಡಂ ಕಿಟಕಿಯಾಚೆ ನಿಂತು ಕೇಳಿ, “ಗದ್ದಲ ಭಾಳ, ಆದ್ರ ಗದ್ದಲದಾಗ ಪಾಠ ಅದ” ಎಂದು ಪ್ರಮಾಣಪತ್ರ ಕೊಟ್ಟರು. ನಾನು ಹಿಗ್ಗಿದ್ದಕ್ಕೆ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ. ಆ ಉದಾಹರಣೆಯನ್ನು ಹೊತ್ತುಕೊಂಡೇ ದೇವದುರ್ಗಕ್ಕೆ ಹೋದೆ.

ದೇವದುರ್ಗದ ಕಾಲೇಜಿನ ಪ್ರಾಂಶುಪಾಲರು ವೀರಭದ್ರಪ್ಪ ಸರ್. ಪ್ರತಿ ಮಾತಿನ ಕೊನೆಗೆ “ತಿಳೀತಲ್ಲ?” ಎನ್ನುವರು. ಊಟಕ್ಕೆ ಕರೆದರೂ “ರೊಟ್ಟಿ ಅದ, ಪಲ್ಯ ಅದ, ತಿಳೀತಲ್ಲ?” ನನ್ನಂಥವನ ಕೈಗೆ ಇಂಥ ಮನುಷ್ಯರನ್ನು ಕೊಡಬಾರದು. ಒಂದು ದಿನ ಅವರ ದನಿಯಲ್ಲಿ ಹಾಜರಿ ಕರೆಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. ನನ್ನ ಆ ವರ್ಷದ ನಿವೃತ್ತಿ ಮಾರ್ಚಿನ ತನಕ ಕಾಯುವುದಿಲ್ಲ ಎಂದುಕೊಂಡೆ. ಅವರು ಹತ್ತಿರ ಬಂದು ಒಂದು ಚೀಟಿ ಕೈಗಿಟ್ಟರು.

“ಶುಲ್ಕ ಕಟ್ರಿ ಅಂತ ಮೂರು ಸಲ ಹೇಳೀನಿ, ಒಬ್ಬಾಂವ ಕೇಳ್ವಲ್ಲ. ನೀ ನನ್ನ ಹಂಗ ಹೇಳಿದ್ರ ಕೇಳ್ತಾರ. ಹೇಳು. ತಿಳೀತಲ್ಲ?”

ಹೇಳಿದೆ. ಮರುದಿನ ಎಲ್ಲರೂ ಕಟ್ಟಿದರು. ಅಂದಿನಿಂದ ಕಾಲೇಜಿಗೆ ಇಬ್ಬರು ಪ್ರಾಂಶುಪಾಲರು, ಒಬ್ಬರಿಗೆ ಮಾತ್ರ ಸಂಬಳ.

ವೀರಭದ್ರಪ್ಪ ಸರ್‌ಗೆ ಒಂದು ಚಿಂತೆ ಇತ್ತು. ನಮ್ಮ ಪ್ರಥಮ ಪಿಯುಸಿ ಸೈನ್ಸಿನಲ್ಲಿ ನಾಲ್ಕು ಬೆಂಚು ತುಂಬಿ ಐದನೆಯದರಲ್ಲಿ ಇಬ್ಬರು. ಸರ್ ತಲೆ ಎಣಿಸುತ್ತಿರಲಿಲ್ಲ, ಬೆಂಚು ಎಣಿಸುತ್ತಿದ್ದರು. ಮೊದಲ ಕಿರುಪರೀಕ್ಷೆ ಆದ ಮೇಲೆ ವಿಷಯ ಬದಲಿಸಿಕೊಳ್ಳಲು ಶನಿವಾರದ ತನಕ ಅವಕಾಶ. ಪ್ರತಿ ವರ್ಷ ಆ ವಾರದಲ್ಲಿ ಹುಡುಗರು ಗುಳೆ ಎದ್ದವರ ಹಾಗೆ ಆರ್ಟ್ಸಿಗೆ ಹೋಗುತ್ತಿದ್ದರು. “ಈ ಸಲ ನಾಕು ಬೆಂಚರ ತುಂಬಬೇಕು. ಇಲ್ಲಂದ್ರ ಸೈನ್ಸ್ ಮುಚ್ಚಿ, ಉಳದವ್ರನ್ನ ರಾಯಚೂರಿಗಿ ಕಳಸ್ರಿ ಅಂತ ಮ್ಯಾಲಿಂದ ಹೇಳ್ಯಾರ” ಎಂದರು. ಅವತ್ತು ತಿಳೀತಲ್ಲ ಎನ್ನಲಿಲ್ಲ. ಆಗ ನನಗೆ ಸರಿಯಾಗಿ ತಿಳಿಯಿತು.

ರಾಯಚೂರಿಗೆ ಹೋಗಬಲ್ಲವರು ಹೋಗುತ್ತಿದ್ದರು. ಹುಲಿಗೆಮ್ಮ ಹೋಗುವ ಹಾಗಿರಲಿಲ್ಲ. ಆಕೆ ದಿನಾ ಅದೇ ತಾಲ್ಲೂಕಿನ ಜಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಅವ್ವ ಕೂಲಿಯಿಂದ ಬರುವಷ್ಟರಲ್ಲಿ ಮಗಳು ಮನೆಯಲ್ಲಿರಬೇಕು, ಅಷ್ಟೇ ಕರಾರು. ರಾಯಚೂರಿಗೆ ಹೋಗಿ ಅಷ್ಟರೊಳಗೆ ತಿರುಗಿ ಬರಲಾಗದು, ಹಾಸ್ಟೆಲಿಗೆ ಮನೆಯಲ್ಲಿ ಒಪ್ಪರು. ಆಕೆಗೆ ಲ್ಯಾಬ್ ಟೆಕ್ನಿಶಿಯನ್ ಆಗುವ ಹಟ. “ಜಾಲಹಳ್ಳ್ಯಾಗ ರಕ್ತ ಪರೀಕ್ಷಾದ ಅಂಗಡಿ ಇಡ್ತೀನ್ರಿ ಸರ, ಮೊದಲ ನಿಮ್ಮ ರಕ್ತ ತಗೀತೀನಿ, ಅದರಾಗ ಸುಳ್ಳು ಎಷ್ಟು ಅದ ನೋಡ್ತೀನಿ” ಎನ್ನುತ್ತಿದ್ದಳು. ನನ್ನನ್ನು ಅಣಕಿಸುವ ಧೈರ್ಯ ಇದ್ದದ್ದು ಆಕೆಗೊಬ್ಬಳಿಗೇ. ಆ ಅಂಗಡಿಗೆ ಸೈನ್ಸ್ ಬೇಕು, ಆಕೆಯ ಸೈನ್ಸಿಗೆ ನಾಲ್ಕು ಬೆಂಚು ಬೇಕು.

ಕಿರುಪರೀಕ್ಷೆಗೆ ಗುರುತ್ವವನ್ನೇ ಇಟ್ಟೆವು. ಪಠ್ಯದಲ್ಲಿ ಅದು ಎಷ್ಟೋ ಪಾಠದ ನಂತರ ಬರುತ್ತದೆ. ಆದರೆ ಹೈಸ್ಕೂಲಿನಲ್ಲಿ ಓದಿ ಬಂದದ್ದು, ಹೆದರುವುದಿಲ್ಲ ಎಂದು ನಾನೇ ಜಾಣತನ ಮಾಡಿದೆ. ಜೊತೆಗೆ ನನ್ನ ಬಸ್ ಸ್ಟ್ಯಾಂಡಿನ ಉದಾಹರಣೆ ಇದೆಯಲ್ಲ. ಸೀಟಿ ಊದಿ, ಟಿಕೇಟು ಹರಿದು, ಹುಡುಗರನ್ನು ನಗಿಸಿ ಕಲಿಸಿದೆ. ಪ್ರಶ್ನೆ ಹೀಗಿತ್ತು: ಮಂಗಳ ಗ್ರಹಕ್ಕೆ ಫೋಬೋಸ್ ಎಂಬ ಪುಟ್ಟ ಚಂದ್ರ ಇದೆ. ಅದು ಮಂಗಳನ ಮೇಲ್ಮೈಯಿಂದ ಸುಮಾರು ಆರು ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಮಂಗಳನ ತ್ರಿಜ್ಯ ಸುಮಾರು ಮೂರು ಸಾವಿರದ ನಾನೂರು. ಎರಡರ ದ್ರವ್ಯರಾಶಿ ಕೊಟ್ಟಿದೆ. ಬಲ ಎಷ್ಟು? ಫೋಬೋಸ್ ತೀರ ಚಿಕ್ಕದು, ಅದರ ತ್ರಿಜ್ಯ ಬಿಟ್ಟರೂ ನಡೆಯುತ್ತದೆ. ಮಂಗಳನದು ಬಿಟ್ಟರೆ ನಡೆಯುವುದಿಲ್ಲ. ಆರು ಸಾವಿರಕ್ಕೆ ಮೂರು ಸಾವಿರದ ನಾನೂರು ಕೂಡಿಸಬೇಕು.

ಉತ್ತರ ಪತ್ರಿಕೆ ತಿದ್ದಲು ಕುಳಿತೆ. ಮೊದಲ ಮೂರು ಸರಿ. ನಾಲ್ಕನೆಯದರಲ್ಲಿ ಬಲ ಎರಡೂವರೆ ಪಟ್ಟು ಹೆಚ್ಚಿಗೆ. ಐದನೆಯದೂ ಹಾಗೆ, ಆರನೆಯದೂ ಹಾಗೆ. ಎರಡು ಬೆಂಚಿನಷ್ಟು ಹುಡುಗರು ಎಲ್ಲರೂ ಒಂದೇ ತಪ್ಪು, ಒಂದೇ ಉತ್ತರ. ಅಂತರ ಬರೀ ಆರು ಸಾವಿರ ಎಂದು ಹಿಡಿದಿದ್ದರು. ಕಾಪಿ ಹೊಡೆದಿದ್ದಾರೆ ಎಂದುಕೊಂಡೆ. ಆದರೆ ಅವರು ಬೇರೆ ಬೇರೆ ಬೆಂಚಿನಲ್ಲಿ ಕುಳಿತವರು.

ಅಷ್ಟರಲ್ಲಿ ಹನುಮಂತಿ ಎಂಬ ಹುಡುಗಿಯ ಪತ್ರಿಕೆ ಬಂತು. ಹುಲಿಗೆಮ್ಮನ ಬಸ್ಸಿನಲ್ಲೇ ಬರುವವಳು, ಈಕೆಯ ಊರು ದಾರಿಯಲ್ಲಿ ಸಿಗುತ್ತದೆ. ಈಕೆ ಅಚ್ಚುಕಟ್ಟಾಗಿ ಚಿತ್ರ ಬರೆದಿದ್ದಳು. ದುಂಡಗೆ ಮಂಗಳ, ಮೇಲೆ ಫೋಬೋಸ್, ನಡುವೆ ಗೆರೆ. ಗೆರೆ ಮಂಗಳನ ಅಂಚಿಗೆ ಬಂದು ನಿಂತಿತ್ತು. ಅಲ್ಲಿ ಒಂದು ಚುಕ್ಕಿ ಇಟ್ಟು ಹೆಸರು ಬರೆದಿದ್ದಳು: “ಮಂಗಳ ಕ್ರಾಸ್”.

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ನಗು ನಿಂತಿತು. ತಪ್ಪಿದವರ ಊರುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಒಂದಕ್ಕೂ ಬಸ್ಸು ಊರೊಳಗೆ ಹೋಗುವುದಿಲ್ಲ. ಡಾಂಬರು ರಸ್ತೆಯಲ್ಲಿ ಒಂದು ಬೇವಿನ ಮರ, ಒಂದು ಚಹಾದ ಡಬ್ಬಿ ಅಂಗಡಿ, ಊರ ಹೆಸರಿನ ಹಲಗೆ. ಅದೇ ಕ್ರಾಸು, ಅದೇ ಅವರ ಬಸ್ ಸ್ಟ್ಯಾಂಡು. ಅಲ್ಲಿ ಇಳಿದು ಊರಿಗೆ ನಡೆದುಕೊಂಡು ಹೋಗಬೇಕು. ನಾನು ಬಸ್ ಸ್ಟ್ಯಾಂಡಿನಿಂದ ಬಸ್ ಸ್ಟ್ಯಾಂಡಿಗೆ ಎಂದೆ, ಅವರು ನಿಯತ್ತಾಗಿ ಬಸ್ ಸ್ಟ್ಯಾಂಡಿಗೇ ಅಳೆದರು. ದೇವದುರ್ಗದ ಪೇಟೆ ಹುಡುಗರಿಗೂ, ಜಾಲಹಳ್ಳಿಯ ಹುಲಿಗೆಮ್ಮನಿಗೂ ಬಸ್ಸು ಊರೊಳಗೇ ಬರುತ್ತದೆ, ಅವರದು ಸರಿಯಾಯಿತು. ನನ್ನ ಹೆಮ್ಮೆಯ ಉದಾಹರಣೆ ಮಾನ್ವಿ ಪೇಟೆಯಲ್ಲಿ ಗೆದ್ದು, ಕ್ರಾಸಿನಲ್ಲಿ ಬಿದ್ದಿತ್ತು.

ಅಂಕ ಹೇಳುವ ಮೊದಲೇ ತಪ್ಪಿದವರಿಗೆ ತಪ್ಪಿದ ಸುದ್ದಿ ಗೊತ್ತಾಗಿತ್ತು. ಶುಕ್ರವಾರ ಹುಲಿಗೆಮ್ಮ ಸ್ಟಾಫ್ ರೂಮಿಗೆ ನುಗ್ಗಿದಳು.

“ಸರ, ಎಲ್ಲಾರೂ ನಾಳೆ ಅಪ್ಪಗೋಳನ್ನ ಕರ್ಕೊಂಡು ಬರಾಕತ್ತಾರ. ಆರ್ಟ್ಸಿಗಿ ಹೋಗ್ತಾರಂತ. ಹನುಮಂತಿನೂ ಹೊಂಟಾಳ. ಏನರ ಮಾಡ್ರಿ.”

“ನೀ ಯಾಕ ಅಳಾಕತ್ತೀ? ನಿಂದು ಸರಿ ಅದಲ್ಲ.”

“ನಂದೊಂದು ಸರಿ ಆದ್ರ ಏನು ಬಂತ್ರಿ? ಬೆಂಚು ನಾ ಒಬ್ಬಾಕಿ ತುಂಬ್ತೀನೇನು?”

ವೀರಭದ್ರಪ್ಪ ಸರ್ ಬಳಿ ಹೋಗಿ, ನಾಳೆ ಬರುವ ಅಪ್ಪಂದಿರನ್ನು ಆಫೀಸಿಗೆ ಬಿಡಬೇಡಿ, ಮೊದಲು ನನ್ನ ತರಗತಿಗೆ ಕಳಿಸಿ ಎಂದೆ. “ಅಪ್ಪಗೋಳಿಗಿ ಪಾಠ ಮಾಡ್ತೀಯಾ?” ಎಂದು ಹುಬ್ಬೇರಿಸಿದರು. “ನಗಸ್ತೀನ್ರಿ” ಎಂದೆ. “ನಗಸೂದು ಬ್ಯಾಡ, ನಿಲ್ಲಸು” ಎಂದರು.

ಶನಿವಾರ ಹಿಂದಿನ ಬೆಂಚುಗಳಲ್ಲಿ ಅಪ್ಪಂದಿರು, ಅಣ್ಣಂದಿರು, ಒಬ್ಬ ಸೋದರಮಾವ. ಮುಂದುಗಡೆ ಹುಡುಗರು, ಕೊನೆಯ ತೀರ್ಪಿಗೆ ಬಂದವರ ಹಾಗೆ. ಹನುಮಂತಿ ಬಾಗಿಲ ಹತ್ತಿರ ನಿಂತೇ ಇದ್ದಳು. ಆಕೆಯ ಅಪ್ಪ ಯಂಕಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಮಗಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ, ಬರೀ ಆರ್ಟ್ಸಿನ ಕೋಣೆಗೆ ಒಯ್ಯುವುದೊಂದೇ ಬಾಕಿ ಎಂಬಂತೆ. ಅದೇ ಬೆಂಚಿನಲ್ಲಿ ಆ ಗಿರಣಿಯ ಸಾಹುಕಾರರು, ಮಗನನ್ನು ಕಾಮರ್ಸಿಗೆ ಹಾಕಲು ಬಂದವರು. ಯಂಕಪ್ಪ ಬೆಂಚಿನ ತುದಿಗೆ ಅಂಟಿಕೊಂಡಿದ್ದ, ಉಳಿದ ಬೆಂಚನ್ನೆಲ್ಲ ಸಾಹುಕಾರರ ಮೈ ತುಂಬಿತ್ತು.

ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಮಂಗಳ ಬರೆದು, ಅಂಚಿನಲ್ಲಿ ಚುಕ್ಕಿ ಇಟ್ಟು, “ಮಂಗಳ ಕ್ರಾಸ್” ಎಂದು ಬರೆದೆ. ಹನುಮಂತಿ ಮುಖ ಮುಚ್ಚಿಕೊಂಡಳು. ನಾನು ಕಂಡಕ್ಟರನಾದೆ.

“ಯಾರ್ರೀ ಮಂಗಳ ಕ್ರಾಸ್! ಇಳೀರಿ ಬೇಗ, ಹಿಂದ ಗಾಡಿ ಅದ!”

ಹಿಂದಿನ ಬೆಂಚಿನಲ್ಲಿ ನಗು. ನಾನು ಯಂಕಪ್ಪನ ಕಡೆ ತಿರುಗಿದೆ. “ಯಂಕಪ್ಪಣ್ಣ, ನೀವು ಕ್ರಾಸಿನಾಗ ಇಳದ್ರಿ. ಮನಿ ಬಂತೇನು?”

“ಎಲ್ಲಿ ಬರ್ತದ್ರಿ? ಊರು ಇನ್ನಾ ಅತ್ಲಾಗ ಅದ. ನಡೀಬೇಕು.”

“ಕಂಡಕ್ಟರ್ ಆ ನಡಗಿಗಿ ಟಿಕೇಟು ತೊಗೊಂಡಾನೇನು?”

“ಅಂವ ಯಾಕ ತೊಗೋತಾನ್ರಿ? ಅದು ನನ್ನ ಕಾಲಿನ ಲೆಕ್ಕ.”

“ಹಂಗಾರ ದೇವದುರ್ಗದಿಂದ ನಿಮ್ಮ ಮನಿಗಿ ಎಷ್ಟು ದೂರ ಅಂದ್ರ?”

“ಬಸ್ಸಿಂದು, ಮ್ಯಾಲ ನಡದದ್ದು, ಎರಡೂ ಕೂಡಿ. ಅಕ್ಕಿ ಚೀಲ ಹೊತ್ಕೊಂಡು ನಡದ್ರ ಗೊತ್ತಾಗ್ತದ ನಡದದ್ದು ಎಷ್ಟು ಅಂತ.”

ಹನುಮಂತಿ ಕೈ ತೆಗೆದು ಬೋರ್ಡನ್ನೇ ನೋಡುತ್ತಿದ್ದಳು. “ಅಯ್ಯ! ಮಂಗಳದಾಗ ನಡ್ಯಾದು ಕೂಡಸಬೇಕಿತ್ತು” ಎಂದು ತನ್ನಷ್ಟಕ್ಕೆ ಎಂಬಂತೆ ಅಂದಳು. ಮುಂದಿನ ಬೆಂಚಿನಿಂದ ಒಬ್ಬ “ಥೋ!” ಎಂದ. ನಾನು ಸೀಮೆಸುಣ್ಣ ಇಳಿಸಿ, ಎಲ್ಲರೆದುರು ಹೇಳಿದೆ. “ಬಸ್ ಸ್ಟ್ಯಾಂಡ್ ಅಂದಾಂವ ನಾನು, ನಿಮ್ಮೂರಾಗ ಬಸ್ ಸ್ಟ್ಯಾಂಡ್ ಎಲ್ಲಿ ಅದ ಅಂತ ಕೇಳ್ಲಿಲ್ಲ. ನಾ ಹೇಳಿದ್ದನ್ನ ನೀವು ತಪ್ಪದಂಗ ಮಾಡೀರಿ.”

ಅಲ್ಲಿಗೆ ಮುಗಿದಿದ್ದರೆ ಸಾಕಿತ್ತು. ಆದರೆ ಯಂಕಪ್ಪ ಬಿಡಲಿಲ್ಲ. “ಸರ, ಒಂದು ಕೇಳ್ತೀನಿ. ಮಂಗಳ ದೊಡ್ಡದು, ಅದು ಸಣ್ಣದು. ದೊಡ್ಡದು ಜಾಸ್ತಿ ಜಗ್ಗತದಲ್ರಿ?”

“ಇಲ್ಲಣ್ಣ. ಎರಡೂ ಒಂದಕ್ಕೊಂದು ಸಮಾ ಜಗ್ಗತಾವು.”

ಈ ಸಲ ಸಾಹುಕಾರರೇ ನಕ್ಕರು. “ಅದ್ಹ್ಯಾಂಗ ಸಮಾ ಆಗ್ತದ್ರೀ ಮಾಸ್ತರ?”

ನಾನು ಅವರದೇ ಗಡಸು ದನಿ ತೆಗೆದೆ. “‘ಯಂಕ್ಯಾ, ಎಲ್ಲಿ ಸತ್ತೀಯೋ? ಲಾರಿ ಬಂದು ನಿಂತಾದ!’ ಇವ್ರು ಒಂದಿನ ಬರ್ಲಿಲ್ಲಂದ್ರ ಹಿಂಗ ಫೋನ್ ಮಾಡಾಂವ ಯಾರ್ರಿ?”

ಸಾಹುಕಾರರು ಗಲ್ಲ ಕೆರೆದುಕೊಂಡರು. “ನಾನ.”

“ಅಂದ ಮ್ಯಾಲ ನೀವು ಇವ್ರಿಗಿ ಎಷ್ಟು ಜಗ್ಗತೀರಿ, ಇವ್ರು ನಿಮಗ ಅಷ್ಟ ಜಗ್ಗತಾರ.”

ಯಂಕಪ್ಪನಿಗೆ ಒಪ್ಪಿಗೆಯಾಗಲಿಲ್ಲ. “ಜಗ್ಗಾಟ ಸಮಾ ಇದ್ರ ದಿನಾ ನಾನ ಯಾಕ ಓಡ್ಯಾಡ್ತೀನ್ರಿ? ಅವ್ರು ಗಾದಿ ಬಿಟ್ಟು ಏಳಂಗಿಲ್ಲ.”

“ಅದು ತೂಕದ್ದು ಅಣ್ಣ. ಜಗ್ಗಾಟ ಎಷ್ಟ ಸಮಾ ಇರ್ಲಿ, ತೂಕ ಇದ್ದದ್ದು ಅಲಗಾಡೂದು ಕಡಿಮಿ. ಹಗುರ ಇದ್ದದ್ದು ತಿರಗತದ.”

ಗಿರಣಿ ಸಾಹುಕಾರರನ್ನು ಅವರ ಹಮಾಲರ ಮುಂದೆ ಹೀಗೆ ಎಳೆದು ತಂದವರು ದೇವದುರ್ಗದಲ್ಲಿ ಕಡಿಮೆ. ಸಾಹುಕಾರರು ತಮ್ಮ ಹೊಟ್ಟೆ ನೋಡಿಕೊಂಡು, ಯಂಕಪ್ಪನ ಹೊಟ್ಟೆ ನೋಡಿ, ಬೆಂಚು ಅಲುಗುವ ಹಾಗೆ ನಕ್ಕರು. “ಹೌದಪಾ, ಮಂಗಳ ನಾನ” ಎಂದರು. ನಕ್ಕರೇನು, ಮಗನನ್ನು ಕಾಮರ್ಸಿಗೇ ಕರೆದುಕೊಂಡು ಹೋದರು. ಗಿರಣಿಗೂ ಗುರುತ್ವ ಇದೆ.

ಆಮೇಲೆ ಹುಡುಗರಿಗೆ ಇನ್ನೊಂದು ಲೆಕ್ಕ ಹಾಕಿದೆ. ಈ ಸಲ ಕೇಂದ್ರದಿಂದ ಕೇಂದ್ರಕ್ಕೆ ಅಂತರ ಕೊಟ್ಟು, ಮೇಲ್ಮೈಯಿಂದ ಎತ್ತರ ಎಷ್ಟು ಎಂದು ಕೇಳಿದೆ. ಹಿಂದಿನ ಸಲ ಗೆದ್ದ ಪೇಟೆ ಹುಡುಗರು ಕೂಡಿಸಲು ಕುಳಿತರು. ಬಾಗಿಲ ಹತ್ತಿರದಿಂದ ದನಿ ಬಂತು.

“ಕಳೀಬೇಕ್ರಿ ಸರ. ಮನಿಯಿಂದ ಹೊಂಟ್ರ ಮೊದಲ ಕ್ರಾಸಿನ ತನಕ ನಡ್ಯಾದು ಹೋತು. ಉಳದದ್ದು ಬಸ್ಸಿಂದು.”

ಹನುಮಂತಿಯೇ. ಕ್ರಾಸಿನ ಊರುಗಳ ಹುಡುಗರೆಲ್ಲ ಹೌದೆಂದು ತಲೆಯಾಡಿಸಿದರು. ಪೇಟೆಯವರಿಗೆ ಬಸ್ಸು ಬಾಗಿಲಿಗೇ ಬರುತ್ತದೆ, ನಡೆದು ಗೊತ್ತಿದ್ದರಲ್ಲವೇ.

ವೀರಭದ್ರಪ್ಪ ಸರ್ ಒಳಗೆ ಬಂದು ಬೆಂಚು ಎಣಿಸತೊಡಗಿದರು. ಅಪ್ಪಂದಿರು ಒಬ್ಬೊಬ್ಬರೇ ಎದ್ದು, ಮಕ್ಕಳ ಬೆನ್ನು ತಟ್ಟಿ, “ಆತು, ಓದು” ಎಂದು ಹೊರಟರು. ಸೋದರಮಾವ ಮಾತ್ರ ಅಳಿಯನನ್ನು ಕೈಹಿಡಿದು ಆರ್ಟ್ಸಿಗೆ ಕರೆದೊಯ್ದ. ಮೂರು ಬೆಂಚು ತುಂಬಿದವು. ನಾಲ್ಕನೆಯದರಲ್ಲಿ ಒಂದು ಜಾಗ ಖಾಲಿ. ಹುಲಿಗೆಮ್ಮ ಅದೇ ಬೆಂಚಿನ ನಡುವೆ, ಎರಡೂ ಕೈ ಬೆಂಚಿನ ಮೇಲೆ ಊರಿ ಕುಳಿತಿದ್ದಳು. ಸರ್ ನನ್ನ ಮುಖ ನೋಡಿದರು. ನಾನು ಯಂಕಪ್ಪನ ಮುಖ ನೋಡಿದೆ.

ಯಂಕಪ್ಪ ಕುಳಿತಲ್ಲಿಂದ ಏಳಲಿಲ್ಲ. “ಸರ, ಈಗ ನಗಸಿದ್ರಿ, ಖುಷಿ ಆತು. ನಾಳಿ ಮತ್ತೊಂದು ಲೆಕ್ಕ ಬರ್ತದ, ಮತ್ತ ತಪ್ಪತಾಳ. ಫೇಲಾದ್ರ ಓದೂ ಇಲ್ಲ, ವರ್ಷನೂ ಇಲ್ಲ. ಆಕಿಗಿ ಬಗಿಹರಿತದೇನು, ನಿಮ್ಮ ಬಾಯಿಲೆ ಹೇಳ್ರಿ.”

ತಮ್ಮಂದಿರೇ, ಈ ಪ್ರಶ್ನೆ ನಿಮಗೂ ಬರುತ್ತದೆ. ಬಂದಾಗ ಭರವಸೆ ಹಂಚಬೇಡಿ. ನಾನು ನನ್ನ ಸ್ವಂತ ದನಿಯಲ್ಲಿ, ಅದು ಹೇಗಿರುತ್ತದೆಂದು ನನಗೂ ಅಂದೇ ತಿಳಿದದ್ದು, “ತಪ್ಪತಾಳಣ್ಣ. ನಾನೂ ತಪ್ಪತೀನಿ. ಯಾಕ ತಪ್ಪಿತು ಅಂತ ಕೇಳ್ಲಾರದ ಮಾತ್ರ ಬಿಡಂಗಿಲ್ಲ” ಎಂದೆ.

ಯಂಕಪ್ಪ ಮಗಳ ಕಡೆ ತಿರುಗಿದ. “ಏನವ್ವಾ, ನಡೀತೀಯೇನು, ಇಷ್ಟು ದೂರ?”

“ದಿನಾ ನಡ್ಯಾಕತ್ತೀನಲ್ಲ ಯಪ್ಪಾ.”

ಅವನು ತೊಡೆಯ ಮೇಲಿನ ಬ್ಯಾಗು ಎತ್ತಿ ಕೊಟ್ಟ. ಹನುಮಂತಿ ಅದನ್ನು ಎದೆಗೆ ಅವುಚಿಕೊಂಡು ನಾಲ್ಕನೆಯ ಬೆಂಚಿನ ತನಕ ಬಂದು ನಿಂತಳು.

“ಸರೀಲೇ ಅತ್ಲಾಗ, ಇಡೀ ಬೆಂಚು ನಿಮ್ಮಪ್ಪಂದಾ?”

ಹುಲಿಗೆಮ್ಮ ಕಣ್ಣು ಒರೆಸಿಕೊಂಡು ಸರಿದು ಕುಳಿತಳು.